ನಿರ್ಗಮನಭೇದ ಪ್ರಕರಣ

ಭಾನುದತ್ತನ ‘ರಸಮಂಜರಿ’ ನಾಯಿಕೆಯರ ಭೇದಗಳನ್ನು 384ರವರೆಗೆ ಎಣಿಸುತ್ತದೆ. ನಲ್ಲನಿಗಾಗಿ ಮನೆ ಸಿಂಗರಿಸಿ ಕೂತವಳು, ಕತ್ತಲಲ್ಲಿ ತಾನೇ ಹುಡುಕಿಕೊಂಡು ಹೊರಟವಳು, ಬೆಳಗಿನ ಜಾವ ಬಂದವನ ಮೈಮೇಲೆ ಬೇರೆಯವಳ ಗುರುತು ಕಂಡು ಸಿಡಿದವಳು. ಪ್ರೀತಿಗೆ ಎಷ್ಟು ಅವಸ್ಥೆಗಳುಂಟೋ ಅಷ್ಟು ನಾಯಿಕೆಯರು. ಇದೇ ಪದ್ಧತಿಯಲ್ಲಿ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ, ಸಿನಿಮಾ, ಧಾರಾವಾಹಿಗಳ ಸಲಿಂಗಿ ಮತ್ತು ಟ್ರಾನ್ಸ್‌ಜೆಂಡರ್ ಪಾತ್ರಗಳನ್ನು ವಿಂಗಡಿಸಲು ಕೂತ ಶಾಸ್ತ್ರಕಾರನಿಗೆ ಮೊದಲ ಸೂತ್ರದಲ್ಲೇ ತೊಡಕು. ಪ್ರೀತಿಯ ಅವಸ್ಥೆ ಹಿಡಿದು ವಿಂಗಡಿಸೋಣವೆಂದರೆ ಇವರ ಪ್ರೀತಿಗೆ ಕೊಟ್ಟಿರುವ ಪುಟಗಳೇ ಅಷ್ಟಕ್ಕಷ್ಟೆ. ಇವರು ಕತೆ ಬಿಟ್ಟು ಹೋಗುವ ಬಗೆಗಳಿಗೆ ಮಾತ್ರ ಬರವಿಲ್ಲ. ಆದ್ದರಿಂದ ನಿರ್ಗಮನವನ್ನೇ ಭೇದಕ ಲಕ್ಷಣವೆಂದು ಹಿಡಿಯಲಾಗಿದೆ.

ಮೊದಲನೆಯದು ವಧ್ಯವರ್ಗ. ಇವರು ಸತ್ತರೆ ಓದುಗನಿಗೆ ಸದ್ಯ ಬಚಾವಾದೆವು ಅನ್ನಿಸಬೇಕು. ಕುಲದ ಹಿರಿಯಳು ಶೆರಿಡನ್ ಲೆ ಫಾನುವಿನ ಕಾರ್ಮಿಲ್ಲಾ (1872), ಡ್ರಾಕುಲಾನಿಗಿಂತ ಕಾಲು ಶತಮಾನ ದೊಡ್ಡವಳು. ಹುಡುಗಿಯರನ್ನೇ ಪ್ರೀತಿಸುತ್ತಾಳೆ, ಪ್ರೀತಿಸಿದವರ ರಕ್ತವನ್ನೇ ಕುಡಿಯುತ್ತಾಳೆ. ಕೊನೆಗೆ ಎದೆಗೆ ಗೂಟ ಹೊಡೆದು, ತಲೆ ಕಡಿದು, ಉಳಿದದ್ದನ್ನು ಸುಡುತ್ತಾರೆ. ಒಂದೇ ಸಾವು ಸಾಲದು ಎಂಬ ಈ ಮುನ್ನೆಚ್ಚರಿಕೆಯನ್ನು ಗಮನಿಸಬೇಕು.

ವರ್ಗದ ಚಕ್ರವರ್ತಿ ಮಾತ್ರ ಫ್ರಾಂಕ್ ಹರ್ಬರ್ಟನ ‘ಡ್ಯೂನ್’ (1965) ಕಾದಂಬರಿಯ ಬ್ಯಾರನ್ ಹಾರ್ಕೊನೆನ್. ಭಾರ ತಗ್ಗಿಸುವ ಯಂತ್ರ ಕಟ್ಟಿಕೊಂಡೇ ಓಡಾಡಬೇಕಾದಷ್ಟು ಬೊಜ್ಜು. ಕಣ್ಣು ಎಳೆಯ ಹುಡುಗರ ಮೇಲೆ. ಗಂಡಸನ್ನು ಬಯಸುವ ಗಂಡಸಾಗಿ ಆ ಕತೆಯಲ್ಲಿ ಎದ್ದು ಕಾಣುವವನು ಇವನೊಬ್ಬನೇ ಆದ್ದರಿಂದ ಬಯಕೆ, ಬೊಜ್ಜು, ಕ್ರೌರ್ಯ ಮೂರೂ ಒಂದೇ ರೋಗದ ಲಕ್ಷಣಗಳಂತೆ ಓದಿಸಿಕೊಳ್ಳುತ್ತವೆ. 1984ರಲ್ಲಿ ಡೇವಿಡ್ ಲಿಂಚ್ ಅದನ್ನು ತೆರೆಗೆ ತಂದಾಗ ಬ್ಯಾರನ್ನನ ಮುಖದ ತುಂಬ ಕೀವುಗಟ್ಟಿದ ಹುಣ್ಣು. ಹೂ ಹಿಡಿದು ಬಂದ ಹುಡುಗನೊಬ್ಬನ ಎದೆಗೆ ಕೂಡಿಸಿದ್ದ ಬಿರಡೆಯನ್ನು ಕಿತ್ತು, ರಕ್ತ ಬಸಿಯುತ್ತಿರುವಾಗ ಅವನನ್ನು ತಬ್ಬಿಕೊಳ್ಳುತ್ತಾನೆ. ಏಡ್ಸ್ ಎಂಬ ಹೊಸ ಕಾಯಿಲೆಗೆ ಅಮೆರಿಕದ ಸಲಿಂಗಿ ಗಂಡಸರು ಸಾಯುತ್ತಿದ್ದ, ಅವರ ಮೈಮೇಲಿನ ಕಲೆ ಕಂಡು ಜನ ಮಾರು ದೂರ ಸರಿಯುತ್ತಿದ್ದ ಕಾಲ ಅದು. 2021ರಲ್ಲಿ ಡೆನಿ ವಿಲ್‌ನವ್ ಇದೇ ಬ್ಯಾರನ್ನನನ್ನು ಆ ಬಯಕೆ ಬಿಟ್ಟು ತೋರಿಸಿದರು. ದುಷ್ಟತನದಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಎರಡನೆಯದು ಶೋಕೋಪಯೋಗಿ ವರ್ಗ. ಇವರು ಒಳ್ಳೆಯವರು, ಅದೇ ಇವರಿಗೆ ಮುಳುವು. ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಧಾರಾವಾಹಿಯ ಟಾರಾ ಇಲ್ಲಿ ಶಾಸ್ತ್ರಶುದ್ಧ ಉದಾಹರಣೆ. ಅವಳ ಮುಂದೆ ತುಸು ಹೊತ್ತು ನಿಲ್ಲಬೇಕು. 2002ರ ಮೇ ತಿಂಗಳ ಆ ಕಂತಿನಲ್ಲಿ ಟಾರಾ ಮತ್ತು ಅವಳ ನಲ್ಲೆ ವಿಲ್ಲೋ ಮುನಿಸು ಮರೆತು ಮತ್ತೆ ಒಂದಾಗಿದ್ದಾರೆ. ಎಷ್ಟೋ ಕಂತುಗಳಿಂದ ನಟಿಸುತ್ತಿದ್ದ ಆಂಬರ್ ಬೆನ್ಸನ್ ಅವರ ಹೆಸರು ಮುಖ್ಯ ನಟರ ಸಾಲಿನಲ್ಲಿ ಮೊದಲ ಬಾರಿಗೆ ಬರುವುದು ಇದರಲ್ಲಿ. ಕೊನೆಯ ಬಾರಿಗೆ ಬರುವುದೂ ಇದರಲ್ಲೇ. ಬಡ್ತಿಯ ಆದೇಶವನ್ನೂ ವಜಾ ಆದೇಶವನ್ನೂ ಒಂದೇ ಲಕೋಟೆಯಲ್ಲಿ ಕಳಿಸಿದ ಹಾಗೆ. ಹಿತ್ತಲಲ್ಲಿ ವಾರೆನ್ ಎಂಬ ಪುಂಡ ಬಫಿಯತ್ತ ಪಿಸ್ತೂಲು ಹಾರಿಸುತ್ತಾನೆ. ಒಂದು ಗುಂಡು ಹಾದಿ ತಪ್ಪಿ ಮಹಡಿಯ ಕಿಟಕಿಗಾಜು ತೂರಿ ಟಾರಾಳ ಎದೆಗೆ ತಗಲುತ್ತದೆ. ವಿಲ್ಲೋಳ ಅಂಗಿಯ ಮೇಲೆ ರಕ್ತದ ಹನಿ. ಬಫಿಗೂ ಗುಂಡು ಬಿದ್ದಿದೆ, ಆದರೆ ಅವಳನ್ನು ವಿಲ್ಲೋ ಮಾಟದಿಂದ ಉಳಿಸಿಕೊಳ್ಳುತ್ತಾಳೆ. ಟಾರಾಳ ವಿಷಯದಲ್ಲಿ ಮಾತ್ರ ಕಾನೂನು ಅಡ್ಡ ಬರುತ್ತದೆ: ಮನುಷ್ಯರ ಕೈಯಿಂದಾದ ಸಹಜ ಸಾವನ್ನು ಹಿಂದಿರುಗಿಸಲಾಗದು ಎಂದು ಒಸೈರಿಸ್ ದೇವತೆ ಅರ್ಜಿ ತಳ್ಳಿಹಾಕುತ್ತದೆ. ಅದೇ ಸರಣಿಯ ಆರಂಭದಲ್ಲಿ ಅದೇ ಒಸೈರಿಸ್‌ನನ್ನು ಕರೆದು ಸತ್ತ ಬಫಿಯನ್ನು ಗೋರಿಯಿಂದ ಎಬ್ಬಿಸಿದ್ದರು. ಆ ಕ್ರಿಯೆಗೆ ಟಾರಾಳೂ ಕೈಗೂಡಿಸಿದ್ದಳು. ಮುಂದೆ ವಿಲ್ಲೋ ವಾರೆನ್‌ನ ಚರ್ಮ ಸುಲಿದು ಲೋಕವನ್ನೇ ಮುಗಿಸಲು ಹೊರಡುತ್ತಾಳೆ. ಒಂದೇ ಗುಂಡಿಗೆ ಒಬ್ಬಳು ಈ ವರ್ಗಕ್ಕೂ ಇನ್ನೊಬ್ಬಳು ಸ್ವಲ್ಪ ಕಾಲ ವಧ್ಯವರ್ಗಕ್ಕೂ ಸಂದರು.

ಇದರ ಉಪಜಾತಿ ಪರಲಕ್ಷ್ಯಹತ, ಅಂದರೆ ಬೇರೆಯವರಿಗೆ ಇಟ್ಟ ಗುರಿಗೆ ಸಿಕ್ಕವರು. 2016ರ ಮಾರ್ಚಿನಲ್ಲಿ ‘ದಿ 100’ ಧಾರಾವಾಹಿಯ ಲೆಕ್ಸಾ, ಕ್ಲಾರ್ಕ್‌ಳೊಂದಿಗೆ ಮೊದಲ ಸಲ ಹಾಸಿಗೆ ಹಂಚಿಕೊಂಡ ಕೆಲವೇ ನಿಮಿಷಗಳಲ್ಲಿ, ಕ್ಲಾರ್ಕ್‌ಗೆಂದು ಹಾರಿಸಿದ ಗುಂಡಿಗೆ ಬಲಿಯಾದಳು. ಅದು ಫ್ಯಾಂಟಸಿಯಲ್ಲ, ವಿಜ್ಞಾನಕಥೆ ಎಂದು ಆಕ್ಷೇಪಿಸುವ ಪಂಡಿತರಿದ್ದಾರೆ. ಗುಂಡಿಗೆ ಆ ಭೇದ ಗೊತ್ತಿದ್ದಂತಿಲ್ಲ.

ಇಲ್ಲಿ ಪೂರ್ವಪಕ್ಷ: ಇಂಥ ಕತೆಗಳಲ್ಲಿ ಎಲ್ಲರೂ ಸಾಯುತ್ತಾರಲ್ಲ, ಇವರಿಗೇಕೆ ಪ್ರತ್ಯೇಕ ಸೂತಕ? ಉತ್ತರಕ್ಕೆ ಸತ್ತವರನ್ನು ಎಣಿಸಬೇಕಾಗಿಲ್ಲ, ಎದ್ದು ಬಂದವರನ್ನು ನೋಡಿದರಾಯಿತು. ‘ಗೇಮ್ ಆಫ್ ಥ್ರೋನ್ಸ್’ನ ಆರನೆಯ ಸರಣಿ (2016) ಜಾನ್ ಸ್ನೋನನ್ನು ಹೆಣದ ಹಲಗೆಯಿಂದ ಎಬ್ಬಿಸಿತು. ಅದೇ ಸರಣಿಯ ಕೊನೆಯಲ್ಲಿ, ಗಂಡಸರನ್ನು ಪ್ರೀತಿಸಿದ್ದಕ್ಕೆ ಸೆರೆಯಲ್ಲಿ ಕೊಳೆತ ಲೋರಾಸ್ ತುಂಬಿದ ಸಭೆಯಲ್ಲಿ ತಪ್ಪೊಪ್ಪಿ, ಮನೆತನದ ಹಕ್ಕು ಬಿಟ್ಟುಕೊಟ್ಟು, ಹಣೆಯ ಮೇಲೆ ನಕ್ಷತ್ರ ಕೊರೆಸಿಕೊಂಡು, ಅಷ್ಟೂ ಆದಮೇಲೆ ದೇವಾಲಯದ ಸಮೇತ ಸಿಡಿದುಹೋದ. ಪುನರ್ಜೀವನದ ಮಂತ್ರ ಆ ಲೋಕದಲ್ಲಿದೆ. ಪಡಿತರದ ಪಟ್ಟಿಯಲ್ಲಿ ಇವನ ಹೆಸರಿರಲಿಲ್ಲ.

ಉಳಿದ ವರ್ಗಗಳಲ್ಲಿ ರಕ್ತ ಕಡಿಮೆ. ರೂಪಕಗ್ರಸ್ತರಲ್ಲಿ ಮನುಷ್ಯ ಹೋಗಿ ಉಪಮೆ ಉಳಿಯುತ್ತದೆ. ಹ್ಯಾರಿ ಪಾಟರ್ ಕತೆಗಳ ಲೂಪಿನ್‌ನ ತೋಳರೋಗ ಎಚ್‌ಐವಿಯಂಥ ಕಳಂಕ ಹೊತ್ತ ಕಾಯಿಲೆಗಳ ರೂಪಕವೆಂದು ಲೇಖಕಿ ರೌಲಿಂಗ್ ಅವರೇ ಬರೆದಿದ್ದಾರೆ. ಉದ್ದೇಶ ಕರುಣೆಯದ್ದೇ ಇರಬಹುದು. ಆದರೆ ಅದೇ ಕತೆಯಲ್ಲಿ ಗ್ರೇಬ್ಯಾಕ್ ಎಂಬ ಇನ್ನೊಬ್ಬ ತೋಳಮನುಷ್ಯ ಬೇಕೆಂದೇ ಮಕ್ಕಳನ್ನು ಹುಡುಕಿ ಕಚ್ಚಿ ರೋಗ ಅಂಟಿಸುತ್ತಾನೆ. ಸಲಿಂಗಿಗಳ ಮೇಲೆ ಹೊರಿಸುತ್ತ ಬಂದ ಹಳೆಯ ಅಪವಾದ ರೂಪಕದ ಹಿಂಬಾಗಿಲಿನಿಂದ ಒಳಗೆ ಬಂತು.

ಗ್ರಂಥೋತ್ತರ ವರ್ಗದಲ್ಲಿ ಅದೇ ಹ್ಯಾರಿ ಪಾಟರ್ ಕತೆಗಳ ಡಂಬಲ್‌ಡೋರ್ ಏಕಾಂಗಿ. ಏಳು ಸಂಪುಟ ಮುಗಿದು ಮೂರು ತಿಂಗಳಾದ ಮೇಲೆ, 2007ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಲೇಖಕಿ ಆತ ಸಲಿಂಗಿ ಎಂದು ಘೋಷಿಸಿದರು. ಕೊನೆಗೆ 2022ರ ಸಿನಿಮಾದಲ್ಲಿ ಗಂಡಸಿನ ಮೇಲಿನ ಆತನ ಪ್ರೀತಿಗೆ ಮಾತು ಸಿಕ್ಕಾಗ ಚೀನಾದ ಪ್ರತಿಯಿಂದ ಅದನ್ನು ತೆಗೆದರು. ಬೇಕಾದದ್ದು 6 ಸೆಕೆಂಡಿನ ಕತ್ತರಿ. ಕತ್ತರಿಸಿದ ಗುರುತೂ ಉಳಿಯದಂತೆ ಬರೆಯುವುದು ಒಂದು ಕುಶಲಕಲೆ.

ಇನ್ನು ಟ್ರಾನ್ಸ್‌ಜೆಂಡರ್ ಪಾತ್ರಗಳ ಮಾತು. ರಾಬರ್ಟ್ ಜೋರ್ಡನ್‌ನ ‘ವ್ಹೀಲ್ ಆಫ್ ಟೈಮ್’ ಸತ್ತ ಸ್ತ್ರೀಲೋಲ ಖಳ ಬಾಲ್ಥಮೆಲ್‌ನನ್ನು ಹೆಣ್ಣಿನ ದೇಹಕ್ಕೆ ತುಂಬಿ ವಾಪಸು ಕಳಿಸುತ್ತದೆ, ಕತ್ತಲೊಡೆಯನ ಕುಚೋದ್ಯವಾಗಿ. ದೇಹಕ್ಕೂ ಒಳಗಿನ ತಾನಿಗೂ ಹೊಂದಿಕೆಯಾಗದ ಸಂಕಟ ನಿಜವಾಗಿ ಉಳ್ಳವರು ಅದನ್ನು ಓದಿ ನಗಬೇಕೋ ಏನೋ. ಇದಕ್ಕೆ ವರ್ಗದ ಹೆಸರು ಇಡಲು ನನಗೆ ಮನಸ್ಸಿಲ್ಲ.

ಅಪವಾದಗಳಿಲ್ಲದೆ ಇಲ್ಲ. ಟಿ. ಜೆ. ಕ್ಲೂನ್ ಅವರ ‘ದಿ ಹೌಸ್ ಇನ್ ದಿ ಸೆರೂಲಿಯನ್ ಸೀ’ (2020) ಕಾದಂಬರಿಯಲ್ಲಿ ಸರ್ಕಾರಿ ಕಡತಗಳಲ್ಲಿ ಮುಳುಗಿದ್ದ 40 ವರ್ಷದ ಲೈನಸ್ ಕೆಲಸ ಬಿಟ್ಟು, ದ್ವೀಪವೊಂದರಲ್ಲಿ ಆರ್ಥರ್ ಮತ್ತು 6 ಮಂದಿ ವಿಚಿತ್ರ ಮಕ್ಕಳ ಜೊತೆ ಸಂಸಾರ ಹೂಡುತ್ತಾನೆ. ಯಾರೂ ಸಾಯುವುದಿಲ್ಲ. ಇದನ್ನು ಅತಿ ಸಿಹಿ ಎನ್ನುವವರಿದ್ದಾರೆ. ನನಗೂ ಅಲ್ಲಲ್ಲಿ ಹಲ್ಲು ಜುಮ್ಮೆಂದದ್ದುಂಟು, ಆದರೂ ಇನ್ನೊಂದು ತಟ್ಟೆ ಬೇಡವೆನ್ನಲಾರೆ.

ಕೊನೆಯದು ನಿವೇದನಾಮರಣ, ಬಾಯಿಬಿಟ್ಟು ಹೇಳಿದೊಡನೆ ಬರುವ ಸಾವು. ‘ಸೂಪರ್‌ನ್ಯಾಚುರಲ್’ ಧಾರಾವಾಹಿಯ ದೇವದೂತ ಕ್ಯಾಸ್ಟಿಯಲ್ ಶೂನ್ಯ ಎಂಬ ಶಕ್ತಿಯ ಜೊತೆ ಕರಾರು ಮಾಡಿಕೊಂಡಿದ್ದಾನೆ: ತನಗೆ ನಿಜವಾದ ಸುಖ ಸಿಕ್ಕ ಗಳಿಗೆಯಲ್ಲಿ ಅದು ಬಂದು ತನ್ನನ್ನು ಎಳೆದೊಯ್ಯಬಹುದು. ಬೇರೆ ಲೇಖಕರು ಒಳಗೊಳಗೇ ಪಾಲಿಸಿಕೊಂಡು ಬಂದ ನಿಯಮವನ್ನು ಇವರು ಷರತ್ತಾಗಿ ಬರೆದೇ ಇಟ್ಟರು. 2020ರ ನವೆಂಬರಿನಲ್ಲಿ ಕ್ಯಾಸ್ಟಿಯಲ್, 12 ವರ್ಷಗಳ ಒಡನಾಡಿ ಡೀನ್‌ಗೆ ತನ್ನ ಪ್ರೀತಿ ತಿಳಿಸುತ್ತಾನೆ, ತಿಳಿಸಿದ್ದೇ ಸುಖವಾಗುತ್ತದೆ, ಗೋಡೆಯಿಂದ ಕರಿ ರಾಡಿ ಉಕ್ಕಿ ಅವನನ್ನು ನುಂಗುತ್ತದೆ. ಎರಡು ಕಂತು ಕಳೆದು ಡೀನ್ ಕೂಡ ಸತ್ತು ಸ್ವರ್ಗ ಸೇರುತ್ತಾನೆ. ಅಲ್ಲಿ ಮಾತಿನ ನಡುವೆ ಕ್ಯಾಸ್ಟಿಯಲ್‌ನ ಹೆಸರು ಒಮ್ಮೆ ಬಂದು ಹೋಗುತ್ತದೆ; ಡೀನ್ ಮುಗುಳ್ನಕ್ಕು, ಅಲ್ಲೇ ನಿಂತಿದ್ದ ತನ್ನ ಹಳೆಯ ಕಾರು ಹತ್ತುತ್ತಾನೆ.