ಟೆಸ್ಟ್ ಲ್ಯಾಂಪ್ ರಾಯರು

ಟೆಸ್ಟ್ ಲ್ಯಾಂಪ್ ರಾಯರೆಂಬ ವರ್ಗದವರು ಚೆನ್ನೈನ ಪಶ್ಚಿಮ ಮಾಂಬಲಂ, ನಂಗನಲ್ಲೂರು, ಅಯನಾವರಂ ಕಡೆಯ ಹಳೆಯ ಅಪಾರ್ಟ್‌ಮೆಂಟುಗಳ ಕಾರ್ ಪಾರ್ಕಿಂಗಿನಲ್ಲಿ ಕಾಣಸಿಗುತ್ತಾರೆ. ನಿವೃತ್ತರು. ಮನೆಮಾತು ಕನ್ನಡ, ಬೀದಿಮಾತು ತಮಿಳು, ಮೆಕ್ಯಾನಿಕ್ಕನಿಗೆ ಬುದ್ಧಿ ಹೇಳುವಾಗ ಇಂಗ್ಲಿಷು. ಟಿ. ನಗರದ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋದರೂ ಮೊದಲ ಸಾಲಿಗೆ ಆಸೆಪಡದೆ ಸ್ಪೀಕರಿನ ಪಕ್ಕ ಕೂರುತ್ತಾರೆ. ಮೈಕು ಕೀರಲಿಟ್ಟರೆ ಎದ್ದು ವೈರು ಅಲುಗಿಸಲು ಅಲ್ಲಿಂದ ಹತ್ತಿರ. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಟೆಸ್ಟ್ ಲ್ಯಾಂಪ್ ಇರುತ್ತದೆ: ಒಂದು ತುದಿಯಲ್ಲಿ ಸೂಜಿ, ಇನ್ನೊಂದರಲ್ಲಿ ಕ್ಲಿಪ್ಪು, ನಡುವೆ 12 ವೋಲ್ಟಿನ ಪುಟ್ಟ ಬಲ್ಬು.

ಇವರ ವಿದ್ಯೆಯ ಮೂಲ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲೇ ತಯಾರಾದ ಆ ಕಾರು ರಸ್ತೆಗಿಳಿದದ್ದು 1961ರಲ್ಲಿ. ಕಾರಿನ ವಿದ್ಯುತ್ ಸಾಮಾನು ಮಾಡುವ ಪಾಡಿಯ ಲೂಕಾಸ್-ಟಿವಿಎಸ್ ಹುಟ್ಟಿದ್ದೂ ಅದೇ ವರ್ಷ. ಬ್ರಿಟಿಷ್ ಲೂಕಾಸ್ ಪದ್ಧತಿಯಲ್ಲಿ ಕಪ್ಪು ವೈರೆಂದರೆ ಅರ್ತ್, ಕೆಂಪೆಂದರೆ ಹಿಂಬದಿ ದೀಪ, ಹಸಿರಿನ ಮೇಲೆ ನೇರಳೆ ಗೆರೆಯಿದ್ದರೆ ಬ್ರೇಕ್ ಲೈಟು. ಭಾವನದೋ ಮಾವನದೋ ಹೆರಾಲ್ಡಿನಲ್ಲಿ ಇದನ್ನು ಬಾಯಿಪಾಠ ಮಾಡಿಕೊಂಡ ರಾಯರು, ಶ್ರೀಪೆರಂಬದೂರಿನಲ್ಲಿ ಹುಟ್ಟಿದ ಇಂದಿನ ಕೊರಿಯನ್ ಕಾರಿನಲ್ಲೂ ನೇರಳೆ ಗೆರೆಯನ್ನೇ ಹುಡುಕುತ್ತಾರೆ. ಕಂಪನಿಗೊಂದು ಬಣ್ಣದ ಲೆಕ್ಕವೆಂಬುದನ್ನು ಇವರು ಒಪ್ಪುವವರಲ್ಲ. ಬಣ್ಣ ಕೂಡಿಬರದಿದ್ದರೆ ತಪ್ಪು ಕಾರ್ಖಾನೆಯದು.

ಇವರ ಪ್ರತಿಭೆ ಹೊರಬರಲು ದೊಡ್ಡ ಅಪಘಾತವೇನೂ ಬೇಡ. ಉಸ್ಮಾನ್ ರಸ್ತೆಯಲ್ಲಿ ಷೇರ್ ಆಟೊ ಹಿಂದಿನಿಂದ ಮೆಲ್ಲಗೆ ಗುದ್ದಿದರೆ ಸಾಕು. ಅಥವಾ ನೀರಿನ ಲಾರಿಗೆ ದಾರಿ ಬಿಡಲು ರಿವರ್ಸ್ ಹೋಗುವಾಗ ಕಂಬವೊಂದು ತಾನಾಗಿಯೇ ಅಡ್ಡ ಬಂದರೂ ಸಾಕು. ಬಂಪರಿಗೆ ಗೀರು, ಎಡಗಡೆಯ ದೀಪದ ಮುಚ್ಚಳಕ್ಕೆ ಬಿರುಕು, ರಾತ್ರಿ ನೋಡಿದರೆ ಆ ಬದಿ ಕತ್ತಲು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ರಾಯರ ಕಾರಿನದು ಗೇಟಿನ ವಾಚ್‌ಮನ್ನಿಗೂ ಕಾಣುವುದಿಲ್ಲ.

ವಿಮೆ ಇಲ್ಲವೇ ಎಂದು ಕೇಳಬಾರದು. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಸ್ವಂತ ವಾಹನದ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ, ಸತತ ಐದು ವರ್ಷ ತಡೆದುಕೊಂಡರೆ ಶೇ. 50. ಈ ನೋ ಕ್ಲೇಮ್ ಬೋನಸ್ಸನ್ನು ರಾಯರು ಮೊಮ್ಮಗುವಿನಂತೆ ಎತ್ತಿ ಆಡಿಸುತ್ತ ಬೆಳೆಸಿರುತ್ತಾರೆ. ಸಣ್ಣ ಕಾರಾದರೆ ಕ್ಲೇಮಿನ ಮೊದಲ 1000 ರೂಪಾಯಿ ಹೇಗೂ ಕೈಯಿಂದಲೇ ಹೋಗುವಂಥದ್ದು. ಒಂದು ದೀಪಕ್ಕಾಗಿ ಇಷ್ಟೆಲ್ಲ ಕಳೆದುಕೊಳ್ಳಲಾಗದು ಎಂಬ ಇವರ ಲೆಕ್ಕ ಅಪ್ಪಟ ಸರಿ. ತಪ್ಪುವುದು ಮುಂದೆ.

ಕಾರಿಗೆ ಪೆಟ್ಟು ಬಿದ್ದದ್ದು ಹಿಂದೆ. ತನಿಖೆ ಶುರುವಾಗುವುದು ಮುಂದೆ, ಬಾನೆಟ್ ಎತ್ತಿ ಬ್ಯಾಟರಿಯಿಂದ. ಗುದ್ದಿದ ಜಾಗವನ್ನು ಯಾರು ಬೇಕಾದರೂ ನೋಡಬಹುದು, ಅದರಲ್ಲಿ ಪಾಂಡಿತ್ಯವೇನು ಬಂತು? ಬ್ಯಾಟರಿ ಮುಗಿಸಿ ಫ್ಯೂಸಿಗೆ ಬರುತ್ತಾರೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20 ಎಂದು ಒಂದೊಂದನ್ನೇ ಕಿತ್ತು ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕುವಾಗ ಯಾವುದು ಎಲ್ಲಿತ್ತೆಂದು ಯೋಚಿಸುತ್ತ ನಿಲ್ಲುತ್ತಾರೆ. ಆಮೇಲೆ ಬ್ರೇಕ್ ಪೆಡಲಿನ ಸ್ವಿಚ್ಚು. ಬಲಗಡೆಯ ಬ್ರೇಕ್ ಲೈಟು ಚೆನ್ನಾಗಿ ಉರಿಯುತ್ತಿರುವಾಗ ಸ್ವಿಚ್ಚಿನಲ್ಲಿ ದೋಷವಿರಲಾರದು. ಅದು ರಾಯರಿಗೂ ಗೊತ್ತು, ಆದರೆ ಪದ್ಧತಿ ಪದ್ಧತಿಯೇ.

ಬಲ್ಬಿನ ಸರದಿ ಆಮೇಲಿನದು. ಹಿಂಬದಿಯ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತಿಗಳಿರುತ್ತವೆ: ಬ್ರೇಕಿಗೆ 21 ವ್ಯಾಟಿನದು, ಹಿಂಬದಿ ದೀಪಕ್ಕೆ 5 ವ್ಯಾಟಿನದು. ತಿರುಗುಮುರುಗಾಗಿ ಕೂರಬಾರದೆಂದೇ ಅದರ ಎರಡು ಮೊಳೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟಿರುತ್ತಾರೆ. ರಾಯರ ಹೆಬ್ಬೆಟ್ಟಿನ ಬಲವನ್ನು ಆ ಬಲ್ಬನ್ನು ರೂಪಿಸಿದವರು ಅಂದಾಜು ಮಾಡಿರಲಿಲ್ಲ. ಹಾಗೆ ಒತ್ತಿ ಕೂರಿಸಿದ ಬಲ್ಬು ಲೈಟ್ ಹಾಕಿದಾಗ ಬ್ರೇಕ್ ಹಿಡಿದಂತೆ ಧಗಧಗಿಸಬೇಕು, ಬ್ರೇಕ್ ಹಿಡಿದಾಗ ಮಿಣುಕಬೇಕು. ಅಸಲಿ ದೋಷ ಅರ್ತ್ ವೈರಿನದು; ಗುದ್ದಿದ ಏಟಿಗೆ ಅದು ಕೈಕೊಟ್ಟಿರುವುದರಿಂದ ಸದ್ಯಕ್ಕೆ ಈ ಸಾಧನೆ ಗುಟ್ಟಾಗಿಯೇ ಇರುತ್ತದೆ.

ಈ ತನಿಖೆಯಲ್ಲಿ ಇವರ ಹೆಂಡತಿಯ ಪಾತ್ರ ದೊಡ್ಡದು. ಒಲೆಯ ಮೇಲೆ ಸಾರು ಇಟ್ಟು ಬಂದ ಆಕೆ ಕಾರಿನ ಹಿಂದೆ ನಿಲ್ಲುತ್ತಾರೆ; ರಾಯರು ಒಳಗೆ ಕೂತು ಬ್ರೇಕ್ ಒತ್ತುತ್ತಾರೆ.

“ಹತ್ತಿತಾ?”

“ಹತ್ತಿತು ರೀ.”

“ಯಾವುದು?”

“ಎಡಗಡೆ ಎಲ್ಲಾನೂ ಸ್ವಲ್ಪ ಸ್ವಲ್ಪ ಹತ್ತುತ್ತೆ. ಇಂಡಿಕೇಟರೂ.”

“ಸರಿಯಾಗಿ ನೋಡಿ ಹೇಳೇ!”

ಆಕೆ ಸರಿಯಾಗಿಯೇ ನೋಡಿರುತ್ತಾರೆ. ಇಡೀ ರೋಗನಿದಾನ ಆ ಒಂದು ಮಾತಿನಲ್ಲಿದೆ. ಬಲ್ಬಿಗೆ ಬಂದ ಕರೆಂಟು ಅರ್ತ್ ವೈರಿನ ಮೂಲಕ ಕಾರಿನ ಬಾಡಿಗೆ ಮರಳಬೇಕು. ಗುದ್ದಿದ ಏಟಿಗೆ ಆ ದಾರಿ ಕಡಿದರೆ, ಕರೆಂಟು ಪಕ್ಕದ ಬಲ್ಬುಗಳ ತಂತಿಯೊಳಗೆ ನುಸುಳಿ ಹೊರದಾರಿ ಹುಡುಕುತ್ತದೆ. ಆಗ ಎಲ್ಲವೂ ಅರೆಬರೆ ಉರಿಯುತ್ತವೆ. ರಾಯರು ಮಾತ್ರ ಇದನ್ನು ಕೇಳಿ “ಕಂಪ್ಯೂಟರ್ ಹೋಗಿದೆ” ಎಂದು ಘೋಷಿಸಿ, ಆಕೆಯನ್ನು ಸಾರಿನ ಕಡೆಗೆ ಕಳಿಸುತ್ತಾರೆ.

ಕೊನೆಗೆ ಬರುವವನು ಪುದುಪೇಟೆಯ ಹುಡುಗ. ಎಗ್ಮೋರಿನ ಪಕ್ಕದ ಪುದುಪೇಟೆ ಹಳೆಯ ಗಾಡಿಗಳ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಅಲ್ಲಿ ಪಳಗಿದ ಕೈ ಬಾನೆಟ್ಟಿನ ತಂಟೆಗೇ ಹೋಗುವುದಿಲ್ಲ. ಡಿಕ್ಕಿ ತೆಗೆದು, ದೀಪವನ್ನು ಬಿಚ್ಚಿ, ಅದುರಿ ಸಡಿಲವಾದ ಬೋಲ್ಟನ್ನೂ ಸಮುದ್ರದ ಗಾಳಿಗೆ ಹಸಿರುಗಟ್ಟಿದ ತಾಮ್ರದ ತುದಿಯನ್ನೂ ತೋರಿಸಿ “ಅರ್ತ್ ಪೋಚ್ಚು ಸಾರ್” ಎನ್ನುತ್ತಾನೆ. ಉಪ್ಪುಕಾಗದದಿಂದ ಉಜ್ಜಿ, ಬೋಲ್ಟು ಬಿಗಿದು, ತಿರುಗುಮುರುಗಾದ ಬಲ್ಬನ್ನೂ ಏನೂ ಹೇಳದೆ ಸರಿಪಡಿಸುತ್ತಾನೆ. ಮಾತಿಲ್ಲದ ಆ ಮರ್ಯಾದೆಗೆ ಅವನು ಬೇರೆ ಕೂಲಿ ಕೇಳುವುದಿಲ್ಲ.

ಹುಡುಗ ಹೋದ ಮೇಲೆ ರಾಯರು ಕೆಲಸವನ್ನು ಪರೀಕ್ಷಿಸದೆ ಬಿಡುವುದುಂಟೇ? ಟೆಸ್ಟ್ ಲ್ಯಾಂಪಿನ ಸೂಜಿಯನ್ನು ಹೊಸದಾಗಿ ಸರಿಹೋದ ವೈರುಗಳ ಹೊದಿಕೆಯೊಳಗೆ ನಾಲ್ಕಾರು ಕಡೆ ಚುಚ್ಚಿ, ಪುಟ್ಟ ಬಲ್ಬು ಉರಿದದ್ದನ್ನು ಕಂಡು ತೃಪ್ತರಾಗುತ್ತಾರೆ. ಚುಚ್ಚಿದ ತೂತಿನಲ್ಲಿ ತೇವ ಇಳಿದರೆ ಒಳಗಿನ ತಾಮ್ರ ಹಸಿರುಗಟ್ಟುತ್ತದೆ. ಚೆನ್ನೈಗೆ ಈಶಾನ್ಯ ಮಾರುತದ ಮಳೆ ಬರುವುದು ಅಕ್ಟೋಬರಿನಲ್ಲಿ.