ನಾಯಿ ಮೊದಲೋ, ಹುಡುಗ ಮೊದಲೋ

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾವಕಾಶವಾಗಿ ಕೊನೆಗೆ ಬರುತ್ತದೆ; ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ನುಗ್ಗುತ್ತದೆ. ಹನುಮಸಾಗರದ ಶಾಲೆಯಲ್ಲಿ ಇಂಗ್ಲಿಷ್ ಕಲಿಯತೊಡಗಿದ ಮಗುವಿನ ಪೇಚಾಟ ಇಲ್ಲಿಂದಲೇ ಶುರು. 'ನಾ ಹನುಮಸಾಗರದಿಂದ ಕುಷ್ಟಗಿಗೆ ಹೊಂಟೀನಿ' ಎಂಬುದು ಪದಕ್ಕೆ ಪದ ಕೂಡಿ 'ಐ ಹನುಮಸಾಗರ ಫ್ರಮ್ ಕುಷ್ಟಗಿ ಟು ಗೋಯಿಂಗ್' ಆಗುತ್ತದೆ. ಕನ್ನಡದ ವಿಭಕ್ತಿ ಪದದ ಬಾಲ, ಇಂಗ್ಲಿಷಿನ 'ಟು', 'ಫ್ರಮ್' ಅದರ ಮೂಗುದಾರ. ಊರಿನ ಹೆಸರು ಹೇಳುವುದೂ ತಿರುವುಮುರುವು. 'ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ಹನುಮಸಾಗರ' ಎಂದು ಕನ್ನಡ ಇಳಿದು ಬಂದರೆ, ಇಂಗ್ಲಿಷ್ ಊರಿನಿಂದ ಹೊರಟು ಜಿಲ್ಲೆಗೆ ಏರುತ್ತದೆ.

ಅಜ್ಜಂದಿರಿಗೆ ಈ ತಾಪತ್ರಯ ಇರಲಿಲ್ಲ. 1948ರವರೆಗೆ ಈ ಸೀಮೆ ಹೈದರಾಬಾದ್ ನಿಜಾಮರದು, ಸರ್ಕಾರಿ ಭಾಷೆ ಉರ್ದು. ಅದರ ಲಿಪಿ ಬಲದಿಂದ ಎಡಕ್ಕೆ ಓಡಿದರೂ ಕ್ರಿಯಾಪದ ಮಾತ್ರ ಕನ್ನಡದ ಹಾಗೆ ಕೊನೆಗೇ. ಮೊಮ್ಮಕ್ಕಳ ಕಾಲಕ್ಕೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು.

ನಿಯಮ ಬಾಯಿಪಾಠ ಮಾಡಿಸುವುದಕ್ಕಿಂತ ಕಿವಿಗೆ ಕೆಲಸ ಕೊಡುವುದು ಮೇಲು. ಅದಕ್ಕೊಂದು ಆಟ: ಪದಕ್ಕೊಂದು ಚೀಟಿ, ಚೀಟಿಗೊಂದು ಮಗು. ಶಿಕ್ಷಕರು ವಾಕ್ಯವನ್ನು ಎರಡು ಸಲ ಹೇಳುತ್ತಾರೆ. ಕೇಳಿದ ಕ್ರಮದಲ್ಲಿ ಮಕ್ಕಳು ಸಾಲಾಗಿ ನಿಲ್ಲಬೇಕು. 'ನಾಯಿ ಹುಡುಗನ್ನ ಕಡೀತು' ಅಂದರೂ, 'ಹುಡುಗನ್ನ ನಾಯಿ ಕಡೀತು' ಅಂದರೂ ಕನ್ನಡದಲ್ಲಿ ಸೂಜಿ ಹುಡುಗನಿಗೇ. 'ದಿ ಡಾಗ್ ಬಿಟ್ ದಿ ಬಾಯ್' ಸಾಲಿನಲ್ಲಿ ನಾಯಿಯೂ ಹುಡುಗನೂ ಜಾಗ ಬದಲಿಸಿದರೆ ದವಾಖಾನೆಗೆ ಹೋಗಬೇಕಾದದ್ದು ನಾಯಿ. ಇಂಗ್ಲಿಷಿನಲ್ಲಿ ಜಾಗವೇ ವಿಭಕ್ತಿ ಎಂಬುದು ತರಗತಿ ನಕ್ಕಾಗ ತಾನಾಗಿ ತಿಳಿಯುತ್ತದೆ.

ಹೆಚ್ಚು ಕಾಡುವವು ಸಣ್ಣ ಪದಗಳು. ಇಂಗ್ಲಿಷ್ ಮಾತಿನಲ್ಲಿ ಒತ್ತು ಬೀಳುವುದು ನಾಯಿ, ಹುಡುಗ, ಕಡಿತದ ಮೇಲೆ. 'ದಿ', 'ಟು', 'ಆಫ್' ಅರ್ಧ ನುಂಗಿಹೋಗುತ್ತವೆ. ಆ ಚೀಟಿ ಹಿಡಿದ ಮಕ್ಕಳು ಜಾಗ ಸಿಗದೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಎರಡನೆಯ ಸಲ ಹೇಳುವುದು ಅವರ ಸಲುವಾಗಿ.

ಕೇಳುವಾಗ ಮಾತಾಡಲು ಅವಸರಪಡಿಸಬಾರದು. 1979ರಿಂದ 1984ರವರೆಗೆ ಭಾಷಾಬೋಧನಾ ತಜ್ಞ ಎನ್.ಎಸ್. ಪ್ರಭು ಬೆಂಗಳೂರು ಯೋಜನೆ ಎಂದೇ ಹೆಸರಾದ ಇಂಗ್ಲಿಷ್ ಕಲಿಕೆಯ ಪ್ರಯೋಗ ನಡೆಸಿದರು. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ನಕ್ಷೆ, ರೈಲಿನ ವೇಳಾಪಟ್ಟಿ ನೋಡಿ ಬಿಡಿಸುವ ಸಮಸ್ಯೆಗಳಿದ್ದವು. ಮಕ್ಕಳು ಮೊದಲು ಅರ್ಥ ಮಾಡಿಕೊಂಡರೆ ಸಾಕಾಗಿತ್ತು. ಹನುಮಸಾಗರಕ್ಕೆ ರೈಲಿನ ಬದಲು ಬಸ್ಸಿನ ವೇಳಾಪಟ್ಟಿ ನಡೆದೀತು, ಬಸ್ಸು ಅದರಂತೆ ಬರದಿದ್ದರೂ.

ಪ್ರಶ್ನೆಯ ಪಾಠ ಕೊನೆಗೆ. 'ಶಿ ಈಸ್ ಕಮಿಂಗ್' ಸಾಲಿನ ಮೊದಲ ಇಬ್ಬರು ಜಾಗ ಬದಲಿಸಿದರೆ ಪ್ರಶ್ನೆ ಸಿದ್ಧ. 'ದಿ ಬಸ್ ಸ್ಟಾಪ್ಸ್ ಹಿಯರ್' ಅಷ್ಟು ಸಲೀಸಲ್ಲ: ಎಲ್ಲಿಂದಲೋ 'ಡಸ್' ಬಂದು ಸಾಲಿನ ಮುಂದೆ ನಿಲ್ಲುತ್ತದೆ, 'ಸ್ಟಾಪ್ಸ್' ತನ್ನ ಬಾಲ ಬಿಟ್ಟುಕೊಡುತ್ತದೆ. 'ಬಸ್ಸು ಇಲ್ಲಿ ನಿಲ್ತೈತೇನ್ರಿ?' ಎಂದು ಕೇಳುವವರಿಗೆ ಯಾರನ್ನೂ ಕದಲಿಸಬೇಕಾಗಿಲ್ಲ.