ಹಸಿರು ಕ್ಯಾಂಪಸ್ ವಿಡಿಯೋ ಮೀಮಾಂಸೆ

(ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಗುಂಪು ವಿಡಿಯೋಗಳ ಲಕ್ಷಣ, ಚರಿತ್ರೆ ಮತ್ತು ಫಲ ಕುರಿತ ಕಿರುಶಾಸ್ತ್ರ)

ಲಕ್ಷಣ

ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ಸಮಿತಿ ಬರುತ್ತದೆಂಬ ಸುದ್ದಿ ಹಬ್ಬಿದ ಮೇಲೆ, ಹತ್ತು ವಿದ್ಯಾರ್ಥಿಗಳ ಹೆಸರಿನಲ್ಲಿ ಒಬ್ಬ ವಿದ್ಯಾರ್ಥಿಯಿಂದ ತಯಾರಾಗಿ, ಕಾಲೇಜಿನ ಆವರಣವನ್ನು ಇರುವುದಕ್ಕಿಂತ ಹಸಿರಾಗಿ ತೋರಿಸುವ ಐದು ನಿಮಿಷದ ಚಿತ್ರವೇ ಹಸಿರು ಕ್ಯಾಂಪಸ್ ವಿಡಿಯೋ.

ಇಲ್ಲಿ ‘ಒಬ್ಬ’ ಎಂಬ ಪದವನ್ನು ಬಿಟ್ಟರೆ ಲಕ್ಷಣವು ಶೇಂಗಾ ಕೀಳುವ ಕೆಲಸಕ್ಕೂ ಹಬ್ಬಿ ಅತಿವ್ಯಾಪ್ತಿ ದೋಷ ಬರುತ್ತದೆ. ಅಲ್ಲಿ ಹತ್ತು ಜನ ಬಂದರೆ ಹತ್ತೂ ಜನ ದುಡಿಯುತ್ತಾರೆ. ‘ಇರುವುದಕ್ಕಿಂತ’ ಎಂಬುದನ್ನು ಬಿಟ್ಟರೆ ಮಳೆ ಬಿದ್ದ ವಾರ ಮೊಬೈಲಿನಲ್ಲಿ ತೆಗೆದ ಯಾವ ಹೊಲವಾದರೂ ಈ ಪ್ರಕಾರಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಲಕ್ಷಣ ನಿರ್ದುಷ್ಟ.

ಚರಿತ್ರೆ

ಈ ಪ್ರಕಾರ ಸ್ಮಾರ್ಟ್‌ಫೋನಿನೊಂದಿಗೆ ಹುಟ್ಟಿತೆಂಬುದು ಅರೆತಿಳಿದವರ ಮಾತು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಪತ್ತೆ ಹಚ್ಚಿದ. ಸುವರ್ಣಗಿರಿಯ ಮೇಲಧಿಕಾರಿಗಳು ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳ ಆರೋಗ್ಯ ವಿಚಾರಿಸಿ, ಆಮೇಲೆ ಅಪ್ಪಣೆ ಕೊಡಿಸುವುದೇ ಇವುಗಳ ಧಾಟಿ. ಅಂದರೆ ಮೂಲತಃ ಇದೊಂದು ಸುತ್ತೋಲೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬುದು ವಿಷಯ. ಇಂದಿನ ವಿಡಿಯೋದ ಕೊನೆಯ ಒಂದು ನಿಮಿಷದ ಸಂದೇಶ ಇದಕ್ಕಿಂತ ಬಹಳ ಬೇರೆಯಿಲ್ಲ.

ಹೆಚ್ಚಿನ ಸಾಕ್ಷ್ಯ ಬೇಕಿದ್ದರೆ ಶಾಸನದ ಕೊನೆ ನೋಡಬೇಕು. ಮೂರು ಬಂಡೆಗಳ ಶಾಸನಗಳನ್ನೂ ಬರೆದವನು ಚಪಡನೆಂಬ ಒಬ್ಬನೇ ಲಿಪಿಕಾರ. ಗುಂಪಿನ ಕೆಲಸ ಒಬ್ಬನ ತಲೆಗೆ ಕಟ್ಟುವ ಪದ್ಧತಿಗೆ ಇದಕ್ಕಿಂತ ಹಳೆಯ ಪುರಾವೆ ಈ ಸೀಮೆಯಲ್ಲಿ ಸಿಗದು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ, ತನ್ನ ಹೆಸರಿನ ಮುಂದಿನ ಹುದ್ದೆಯನ್ನು ಮಾತ್ರ ಅವನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಕನ್ನಡ ವಿಡಿಯೋದ ಕೊನೆಯಲ್ಲಿ ‘ಎಡಿಟಿಂಗ್ ಅಂಡ್ ಡೈರೆಕ್ಷನ್’ ಎಂದು ಇಂಗ್ಲಿಷಿನಲ್ಲಿ ಹಾಕಿಕೊಳ್ಳುವವರೆಲ್ಲ ಚಪಡನ ಗೋತ್ರದವರು.

ಅಂಗಗಳು

*ಸಸಿ.* ಇದು ಎರಡು ಬಗೆ: ನೆಡುವ ಸಸಿ, ಬೆಳೆಯುವ ಸಸಿ. ಎರಡೂ ಒಂದೇ ಗುಂಡಿಯಲ್ಲಿ ಕಂಡುಬಂದ ದಾಖಲೆ ಕಡಿಮೆ. ನೆಡುವ ದಿನ ಜೂನ್ 5, ಪರಿಸರ ದಿನ. ಈ ಸೀಮೆಗೆ ಮಳೆ ಬೀಳುವುದೇ ಕಮ್ಮಿ, ಬೀಳುವುದೂ ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಸಸಿಯು ತನ್ನ ವಿಡಿಯೋಗೆ ಬಂದ ಲೈಕುಗಳನ್ನು ನಂಬಿ ಬದುಕಬೇಕು. ಚಿತ್ರೀಕರಣದ ದಿನ ನಡೆಯುವ ಸಂವಾದವೂ ಶಾಸ್ತ್ರಸಮ್ಮತವಾದುದು:

“ಸರ್, ಹೋದ ವರ್ಷದ ಗಿಡ ಒಣಗೈತೆ.”

“ಒಣಗ್ಲಿ ಬಿಡ್ರಪ್ಪ, ಗುಂಡಿ ಐತಲ್ಲ.”

*ಬ್ಯಾನರ್.* ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಫ್ಲೆಕ್ಸಿನಲ್ಲಿ ಮುದ್ರಿಸಿರಬೇಕು. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ ಎಂದು ಯಾರಾದರೂ ನೆನಪಿಸಿದರೆ, ಅವರನ್ನು ಕ್ಯಾಮೆರಾ ಹಿಡಿಯಲು ಕಳಿಸಬೇಕು.

*ಪೈಪು.* ಮಳೆನೀರು ಕೊಯ್ಲಿನ ಪೈಪು ಚಾವಣಿಯಿಂದ ಹೊರಟು ಫ್ರೇಮಿನ ಅಂಚಿನವರೆಗೆ ಬಂದರೆ ಸಾಕು. ಮುಂದೆ ತೊಟ್ಟಿ ಉಂಟೋ ಇಲ್ಲವೋ ಎಂಬುದು ಅನುಮಾನ ಪ್ರಮಾಣಕ್ಕೆ ಬಿಟ್ಟದ್ದು.

*ಆಕಾಶದೃಶ್ಯ.* ಚಳ್ಳಕೆರೆ ಪಕ್ಕದಲ್ಲೇ 2017ರಿಂದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ತಾಣವಿದೆ. ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಹಾರುತ್ತವೆ. ಕಾಲೇಜಿನ ಮಕ್ಕಳಿಗೆ ಡ್ರೋನ್ ಶಾಟ್ ಬೇಕಾದರೆ ಮಾತ್ರ ಮದುವೆ ಫೋಟೋ ಸ್ಟುಡಿಯೋದವರೇ ಗತಿ. ಹಾಗಾಗಿ ಈ ಸೀಮೆಯ ಸುಸ್ಥಿರತೆಗೂ ಲಗ್ನದ ಮುಹೂರ್ತಗಳಿಗೂ ಕಾರ್ಯಕಾರಣ ಸಂಬಂಧವಿದೆ.

*ಬಣ್ಣ.* ಇದು ಅತಿ ಮುಖ್ಯ ಅಂಗ. ಈ ನೆಲದ ಸಹಜ ಬಣ್ಣ ಹಸಿರಲ್ಲ, ಹುಲ್ಲಿನ ಕಂದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಕಾಪಾಡಿಕೊಂಡು ಬಂದ ಕಾವಲುಗಳು ವರ್ಷದ ಬಹುಪಾಲು ಹೀಗೇ ಇರುತ್ತವೆ. ಅದೇ ಹುಲ್ಲಿನಲ್ಲಿ ಕೃಷ್ಣಮೃಗ ಮೇಯುತ್ತದೆ, ಅದೇ ಹುಲ್ಲಿನಿಂದ ಕುರಿ ಬದುಕುತ್ತದೆ, ಆ ಕುರಿಯ ಉಣ್ಣೆಯೇ ಚಳ್ಳಕೆರೆಯ ಕಂಬಳಿ. ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದಾಗ ಈ ಹುಲ್ಲಿನ ಪ್ರಶ್ನೆ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ವಿಡಿಯೋದಲ್ಲಿ ಮಾತ್ರ ಕಾವಲಿಗೆ ಮೂರು ಸೆಕೆಂಡು ಜಾಗ, ‘ಬಂಜರು’ ಎಂಬ ಹಿನ್ನೆಲೆ ದನಿಯೊಂದಿಗೆ. ಕೂಡಲೇ ಫಿಲ್ಟರ್ ಹಾಕಿ ಹಸಿರು ಮಾಡುತ್ತಾರೆ. ಕಾಂಪೌಂಡಿನಾಚೆಯ ಬಳ್ಳಾರಿ ಜಾಲಿ ಒಂದೇ ಫಿಲ್ಟರಿಲ್ಲದೆ, ನೀರಿಲ್ಲದೆ, ಭಾಷಣವಿಲ್ಲದೆ ಹಸಿರಾಗಿದೆ. ಹುಲ್ಲುಗಾವಲನ್ನು ನುಂಗುವ ಪರದೇಶಿ ಗಿಡವದು. ಆದರೆ ಫ್ರೇಮಿನಲ್ಲಿ ಚೆನ್ನಾಗಿ ಕಾಣುತ್ತದೆ.

ಪೂರ್ವಪಕ್ಷ

ಇಷ್ಟಾದರೂ ಕೆಲವರು ಆಕ್ಷೇಪಿಸುತ್ತಾರೆ. ಮೊದಲನೆಯವರು ಬ್ರಹ್ಮಗಿರಿಯ ಶಾಸನವನ್ನೇ ಮುಂದಿಡುತ್ತಾರೆ: ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ದೊಡ್ಡವರೂ ಇಬ್ಬರೂ ಶ್ರಮಿಸಬೇಕು ಎಂದು ಅದರಲ್ಲಿದೆ. ಎರಡನೆಯವರು ನಾಯಕನಹಟ್ಟಿಯವರು. ಅಲ್ಲಿನ ಸಂತ ತಿಪ್ಪೇರುದ್ರಸ್ವಾಮಿ ಸುತ್ತಲೂ ಐದು ಕೆರೆ ಕಟ್ಟಿಸಿದರೆಂದೂ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಮಾತೆಂದೂ ಊರೆಲ್ಲ ಬಲ್ಲದು. ಕೆರೆಗೆ ಒಂದು ಬುಟ್ಟಿ ಮಣ್ಣು ಹೊತ್ತವನಿಗೂ ಹತ್ತು ಬುಟ್ಟಿ ಹೊತ್ತವನಿಗೂ ಒಂದೇ ಕೂಲಿಯಾದರೆ ಏರಿ ನಿಲ್ಲುತ್ತದೆಯೇ, ಗುಂಪಿನ ಹತ್ತೂ ಜನಕ್ಕೆ ಒಂದೇ ಅಂಕ ಯಾಕೆ ಎಂಬುದು ಇವರ ಪ್ರಶ್ನೆ.

ಮೂರನೆಯ ಆಕ್ಷೇಪ ಇನ್ನೂ ಕಠಿಣ. ಬೇಸಿಗೆಯಲ್ಲಿ ಬಕೆಟ್ ಹಿಡಿದು ಉಳಿದ ನಾಲ್ಕು ಗಿಡಕ್ಕೆ ನೀರು ಹಾಕುವ ಡಿ ಗ್ರೂಪ್ ನೌಕರ ಯಾವ ವಿಡಿಯೋದಲ್ಲೂ ಇಲ್ಲ. ಶೂಟಿಂಗ್ ದಿನ ‘ಅಣ್ಣ, ಸ್ವಲ್ಪ ಪಕ್ಕಕ್ಕೆ ಬರ್ರಿ, ಅಡ್ಡ ಬರ್ತೀರ’ ಎಂದು ಅವರನ್ನೇ ಸರಿಸುತ್ತಾರೆ. ಮೌರ್ಯರ ಆಡಳಿತದಲ್ಲೂ ಕೆಲಸ ಮಾಡಿದವನ ಹೆಸರು ಬಂಡೆಯ ಮೇಲೆ ಉಳಿಯಿತಲ್ಲ ಎಂಬುದು ವಾದ.

ಸಿದ್ಧಾಂತ

ಸಮಾಧಾನ ಹೀಗೆ. ಆಕ್ಷೇಪಕರು ವಿಡಿಯೋದ ಒಳಗೆ ಸುಸ್ಥಿರತೆಯನ್ನು ಹುಡುಕುತ್ತಾರೆ. ಅದಿರುವುದು ವಿಡಿಯೋ ಮಾಡುವ ಕ್ರಮದಲ್ಲಿ. ಸ್ಕ್ರಿಪ್ಟ್ ಸೀನಿಯರುಗಳಿಂದ ಬಂದದ್ದು, ಮರುಬಳಕೆ. ಗುಂಡಿಯೂ ಮರುಬಳಕೆ. ಬ್ಯಾನರಿನಲ್ಲಿ ಇಸವಿಯ ಮೇಲೆ ಮಾತ್ರ ಹೊಸ ಚೀಟಿ. ಒಬ್ಬನ ನಿದ್ದೆಗೆಟ್ಟ ರಾತ್ರಿಯಿಂದ ಹತ್ತು ಜನರಿಗೆ ಆಂತರಿಕ ಅಂಕ: ಇಷ್ಟು ಕಡಿಮೆ ಶಕ್ತಿಯಲ್ಲಿ ಇಷ್ಟು ಉತ್ಪಾದನೆ ಯಾವ ಸೌರಘಟಕದಲ್ಲೂ ಇಲ್ಲ. ಇನ್ನು ನ್ಯಾಕ್ ಕೇಳುವುದು ಜಿಯೋಟ್ಯಾಗ್ ಇರುವ ಫೋಟೋ. ಸಸಿ ಒಣಗಬಹುದು, ಅಕ್ಷಾಂಶ ರೇಖಾಂಶಗಳು ಒಣಗುವುದಿಲ್ಲ. ನೀರು ಹಾಕುವವರ ವಿಷಯಕ್ಕೆ ಬಂದರೆ, ಹಸಿರು ಕ್ಯಾಂಪಸ್ ಕೇಳುವ ನ್ಯಾಕಿನ ಏಳನೇ ಮಾನದಂಡದ ಕಡತದಲ್ಲಿ ಬಕೆಟ್ಟಿಗೆ ಕಾಲಂ ಇಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿ ವಿಡಿಯೋ ಮಾಡಿದ ವಿದ್ಯಾರ್ಥಿಗೆ ಅಂಕ, ಗುಂಪಿನ ಉಳಿದವರಿಗೆ ಓದದೆಯೇ ಅದೇ ಅಂಕ, ಮೇಷ್ಟ್ರಿಗೆ ಕಡತ, ಕಾಲೇಜಿಗೆ ಗ್ರೇಡು, ಫ್ಲೆಕ್ಸ್ ಅಂಗಡಿಗೆ ವ್ಯಾಪಾರ. ಸಸಿಗೆ ಏನು ಫಲವೆಂದು ಫಲಶ್ರುತಿಯಲ್ಲಿ ಹೇಳುವ ಸಂಪ್ರದಾಯವಿಲ್ಲ.